ಮೂಕಿ ಭಾರ

ನದಿ ನಿಲ್ಲಲು ಇನ್ನು ಒಂಬತ್ತು ದಿನವಿದೆ ಎನ್ನುವಾಗ ನಾನು ನನ್ನ ಗಿರಣಿಯ ಒಂದು ಜೊತೆ ಕಲ್ಲು ಬಿಚ್ಚಿಸಿ ಟ್ರೈಲರಿಗೆ ಹೇರಿಸಿದೆ. ಬೆಳಗಿನ ಹೊತ್ತು. ರಾಗಿ ಬೀಸಿಸಲು ಡಬ್ಬಿ ಹಿಡಿದು ಬಂದ ಓಣಿಯ ಹೆಂಗಸರು ಬಂದ ಹಾಗೇ ನಿಂತು ನೋಡಿದರು. ಯಾರೂ ಏನೂ ಕೇಳಲಿಲ್ಲ. ಫಾಲ್ಗುಣದ ಹುಣ್ಣಿಮೆ ಹತ್ತಿರ ಬಂತೆಂದರೆ ಯಾರ ಮನೆಯವರು ಏನು ಹೇರುತ್ತಿದ್ದಾರೆ ಎಂದು ನಮ್ಮೂರಲ್ಲಿ ಎಲ್ಲರೂ ನೋಡುತ್ತಾರೆ, ಕೇಳುವುದಿಲ್ಲ. ಕೇಳಿದರೆ ಹೇಳಬೇಕಾಗುತ್ತದೆ, ಹೇಳಿದರೆ ಅಳು ಬರುತ್ತದೆ ಎಂದು ಎಲ್ಲರಿಗೂ ಗೊತ್ತು.

ನಮ್ಮ ನದಿ ವರ್ಷಕ್ಕೆ ಹನ್ನೆರಡು ದಿನ ನಿಲ್ಲುತ್ತದೆ. ಹುಣ್ಣಿಮೆಯ ಮರುದಿನ ಎದ್ದು ನೋಡಿದರೆ ಪಾತ್ರದ ತುಂಬ ಬರೀ ಮರಳು, ನಡುನಡುವೆ ಬೆಚ್ಚಗಿನ ಬಂಡೆ. ಹದಿಮೂರನೆಯ ದಿನ ಹೊತ್ತು ಹುಟ್ಟುವಷ್ಟರಲ್ಲಿ ನೀರು ಮತ್ತೆ ದಡ ಮುಟ್ಟಿರುತ್ತದೆ. ಉಳಿದ ದಿನಗಳಲ್ಲಿ ಅದರ ಮೇಲೆ ಸೇತುವೆ ನಿಲ್ಲುವುದಿಲ್ಲ, ದೋಣಿ ದಾಟುವುದಿಲ್ಲ, ಫೋನಿನ ದನಿ ಕೂಡ ಆಚೆಗೆ ಹೋಗುವುದಿಲ್ಲ. ಊರು ಎರಡೂ ದಡದಲ್ಲಿದೆ, ಹೆಸರು ಒಂದೇ. ನೀರು ಬಂದಾಗ ನೀವು ಯಾವ ದಡದಲ್ಲಿದ್ದೀರೋ ಮುಂದಿನ ಫಾಲ್ಗುಣದವರೆಗೆ ಅದೇ ನಿಮ್ಮ ದಡ. ಹಲ್ಲಿನ ಡಾಕ್ಟರು ಆಚೆ ದಡದಲ್ಲಿದ್ದಾರೆ, ಕನ್ನಡಕದವರು ಈಚೆ ದಡದಲ್ಲಿ. ಹಾಗಾಗಿ ಹಲ್ಲುನೋವನ್ನು ಹನ್ನೊಂದು ತಿಂಗಳು ಲವಂಗ ಕಚ್ಚಿ ತಡೆದುಕೊಳ್ಳುವುದನ್ನು ನಾವು ಚಿಕ್ಕಂದಿನಲ್ಲೇ ಕಲಿಯುತ್ತೇವೆ. ಅವರು ಮಸುಕಾದದ್ದನ್ನು ಮಸುಕಾಗಿಯೇ ನೋಡಿಕೊಂಡು ಇರುವುದನ್ನು ಕಲಿಯುತ್ತಾರೆ. ಆ ಹನ್ನೆರಡು ದಿನ ಎರಡು ದಡದವರೂ ಟ್ರೈಲರ್ ಮನೆಗಳನ್ನು ಎಳೆದುಕೊಂಡು ಹೋಗಿ ನಡುಮರಳಿನಲ್ಲಿ ಬಿಡಾರ ಹೂಡುತ್ತೇವೆ. ಮದುವೆ, ಮಾತುಕತೆ, ಪಂಚಾಯ್ತಿ, ಬಿತ್ತನೆ ಬೀಜ, ಕೊಟ್ಟ ಹೆಣ್ಣುಮಕ್ಕಳ ಬಾಣಂತನದ ಸುದ್ದಿ, ಎಲ್ಲ ಅಲ್ಲೇ.

ನನ್ನ ಮದುವೆಯೂ ಅಲ್ಲೇ ಆಯಿತು. ಹತ್ತೊಂಬತ್ತು ವರ್ಷವಾಯಿತು. ಫಾಲಾಕ್ಷ ಆಚೆ ದಡದವರು, ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಆ ದಡದಲ್ಲಿ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡರೆ ಕೈ ಹಾಕಿ ತಿರುಗಿಸಬಲ್ಲವರು ಅವರೊಬ್ಬರೇ. ಅವರ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಗೋಡೆ ತಡವಿಕೊಂಡು ಓಡಾಡುವ ಮುದುಕಿ ಬೇರೆ ಮನೆಯ ಗೋಡೆಯನ್ನು ಹೇಗೆ ಕಲಿತಾಳು? ಈ ಕಡೆ ನನಗೆ ಅಪ್ಪನ ಗಿರಣಿ, ಅಪ್ಪನ ಉಬ್ಬಸ. ಒಂದೆರಡು ವರ್ಷ, ಆಮೇಲೆ ನೋಡೋಣ ಎಂದುಕೊಂಡು ತಾಳಿ ಕಟ್ಟಿಸಿಕೊಂಡೆ. ಅಪ್ಪ ತೀರಿಕೊಂಡು ಆರು ವರ್ಷವಾದರೂ ಆ ಆಮೇಲೆ ಬರಲಿಲ್ಲ. ಅವರ ಜೊತೆ ಸಂಸಾರ ಮಾಡಿದ ದಿನಗಳನ್ನು ಕೂಡಿಸಿದರೆ ಎಂಟು ತಿಂಗಳೂ ಆಗುವುದಿಲ್ಲ. ನಮ್ಮಿಬ್ಬರದು ಎನ್ನುವ ಮನೆ ಇದ್ದದ್ದು ಆ ಟ್ರೈಲರ್ ಒಂದೇ.

ಕಳೆದ ಶ್ರಾವಣದಲ್ಲಿ ನನಗೆ ಜ್ವರ ಬಂತು. ನಾಲ್ಕು ದಿನ ಮಲಗಿದ್ದೆ. ಗಿರಣಿಯಲ್ಲಿ ಹನ್ನೊಂದು ವರ್ಷದಿಂದ ನನ್ನ ಜೊತೆ ದುಡಿಯುವ ಸಿದ್ದಗಂಗಮ್ಮ ಗಂಜಿ ಕುಡಿಸಿದಳು. ಜ್ವರದಲ್ಲಿ ನಾನು ಏನೇನೋ ಬಡಬಡಿಸಿದೆನಂತೆ. ಬಿಟ್ಟ ಮೇಲೆ ಅವಳನ್ನು ಕೇಳಿದೆ, ಅವರ ಹೆಸರು ಹೇಳಿದೆನಾ ಎಂದು. ಅವಳು ಸುಳ್ಳು ಹೇಳುವವಳಲ್ಲ. "ಇಲ್ಲಕ್ಕ. ಗಿರಣಿ ಬೆಲ್ಟು, ರಾಗಿ, ನಿಮ್ಮಪ್ಪ, ಇಷ್ಟೇ" ಎಂದಳು. ಆ ಮಾತು ನನಗೆ ಜ್ವರಕ್ಕಿಂತ ಹೆಚ್ಚು ಸುಸ್ತು ಮಾಡಿತು. ಜ್ವರದಲ್ಲಿ ಕೂಡ ನಾಲಿಗೆಗೆ ಬಾರದ ಗಂಡನನ್ನು ಎಲ್ಲಿಟ್ಟುಕೊಂಡಿದ್ದೇನೆ ನಾನು ಎಂದು ತಿಂಗಳುಗಟ್ಟಲೆ ಯೋಚಿಸಿದೆ. ದೀಪಾವಳಿ ಕಳೆಯುವಷ್ಟರಲ್ಲಿ ತೀರ್ಮಾನವಾಗಿತ್ತು. ರಾಗಿ ಬೀಸುವ ಕಲ್ಲಿನ ಜೊತೆಯನ್ನು ಸಿದ್ದಗಂಗಮ್ಮನಿಗೆ ಬಿಡುವುದು, ಗೋಧಿ ಕಲ್ಲಿನ ಜೊತೆಯನ್ನೂ ಸಣ್ಣ ಮೋಟಾರನ್ನೂ ತೆಗೆದುಕೊಂಡು ಆಚೆ ದಡಕ್ಕೆ ಹೋಗಿಬಿಡುವುದು. ಅವರಿಗೆ ತಿಳಿಸುವ ದಾರಿ ಇರಲಿಲ್ಲ. ಇದ್ದಿದ್ದರೂ ತಿಳಿಸುತ್ತಿದ್ದೆನೋ ಇಲ್ಲವೋ.

"ಬೇಡ ಅಂದ್ರೆ?" ಎಂದು ಸಿದ್ದಗಂಗಮ್ಮ ಒಂದೇ ಸಲ ಕೇಳಿದಳು, ಜರಡಿ ಬಡಿಯುತ್ತ.

"ಯಾಕೆ ಬೇಡ ಅಂತಾರೆ?"

"ನಂಗೇನು ಗೊತ್ತಕ್ಕ. ಹನ್ನೆರಡೇ ದಿನ ಗಂಡನಾಗಿರೋನ್ನ ನಾನು ನೋಡಿಲ್ಲ. ಇಡೀ ವರ್ಷ ಇರೋನ್ನ ಒಬ್ಬನ್ನ ನೋಡಿದೀನಿ, ಅವನು ನನ್ನ ಗಂಡ. ಅದಕ್ಕೇ ಕೇಳ್ದೆ."

ಕಲ್ಲು ಹೇರಿದ ಬೆಳಿಗ್ಗೆ ಮಸ್ತಾನಣ್ಣ ಬಂದ. ಪ್ರತಿ ವರ್ಷ ನನ್ನ ಟ್ರೈಲರನ್ನು ಎಳೆಯುವುದು ಅವನ ಜೀಪು. ಅವನಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದವನು, ಆದ್ದರಿಂದ ಟ್ರೈಲರಿನ ವಿಷಯವನ್ನೂ ಅವನು ಎತ್ತಿನ ಗಾಡಿಯ ಮಾತಿನಲ್ಲೇ ಆಡುತ್ತಾನೆ. ಜೀಪಿಗೆ ಸಿಕ್ಕಿಸುವ ಮುಂದಿನ ಕಬ್ಬಿಣದ ಕೋಲಿಗೆ ಅವನ ಬಾಯಲ್ಲಿ ಮೂಕಿ ಎಂದೇ ಹೆಸರು. ಅವನು ಬಗ್ಗಿ ಮೂಕಿಯನ್ನು ಒಂದು ಕೈಯಲ್ಲಿ ಎತ್ತಿದ. ಅದು ಸಲೀಸಾಗಿ ಮೇಲೆ ಬಂತು.

"ಲೋಲಮ್ಮ, ಇದು ಹಿಂಭಾರ ಆಗಿದೆ. ಇಳಿಜಾರಲ್ಲಿ ಇದರ ಬಾಲ ಆಡಕ್ಕೆ ಶುರು ಮಾಡ್ತು ಅಂದ್ರೆ ಜೀಪನ್ನೂ ಎಳ್ಕೊಂಡು ಹೋಗ್ತದೆ. ಕಲ್ಲು ಯಾರು ಹಿಂದಕ್ಕೆ ಇಡು ಅಂದೋರು?"

"ಹಿಂದೆ ಬಾಗಿಲಿದೆ, ಇಟ್ಟರು."

"ಬಾಗಿಲಿದೆ ಅಂತ ಇಟ್ರಾ" ಎಂದು ಅವನು ತಲೆ ಅಲ್ಲಾಡಿಸಿದ. ನನಗಿಂತ ಹತ್ತು ವರ್ಷ ದೊಡ್ಡವನು, ಬೈಯುವ ಹಕ್ಕು ಅವನಿಗಿತ್ತು.

ಮೂಕಿ ಭಾರ ಅಳೆಯದೆ ಹೊಳೆಯ ಇಳಿಜಾರಿಗೆ ಬಿಡುವುದಿಲ್ಲ. ಅಳೆಯುವುದು ಅವರವರ ಮನೆಯಂಗಳದಲ್ಲೇ. ಚೀಟಿ ಬರೆದು ಚೌಕಿಯಲ್ಲಿ ಕೊಡಬೇಕು. ಒಟ್ಟು ತೂಕದಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಿಮೆ ಮೂಕಿಯ ಮೇಲೆ ಬಿದ್ದರೆ ಟ್ರೈಲರ್ ಓಲಾಡುತ್ತದೆ, ಏಳನೆಯ ಒಂದು ಪಾಲಿಗಿಂತ ಹೆಚ್ಚಾದರೆ ಜೀಪಿನ ಹಿಂಭಾಗ ಕುಸಿದು ಮುಂದಿನ ಚಕ್ರ ನೆಲ ಬಿಡುತ್ತದೆ. ಊರಿಗೆಲ್ಲ ತೂಗಿಕೊಡುವವಳು ನಾನು, ನನ್ನ ಟ್ರೈಲರಿನ ಒಂದೊಂದು ಸಾಮಾನಿನ ತೂಕವೂ ಬಾಯಿಗೇ ಬರುತ್ತಿತ್ತು. ಕಲ್ಲು, ಮೋಟಾರು ಸೇರಿ ಟ್ರೈಲರಿನ ಒಟ್ಟು ತೂಕ ಏಳುನೂರ ಇಪ್ಪತ್ತು ಕೇಜಿ. ಎಂದರೆ ಮೂಕಿಯ ಮೇಲೆ ಎಪ್ಪತ್ತೆರಡಕ್ಕೆ ಕಡಿಮೆ ಇರಬಾರದು, ನೂರ ಮೂರು ದಾಟಬಾರದು.

ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟೆವು. ಮಸ್ತಾನಣ್ಣ ಟ್ರೈಲರಿನ ನೆಲದ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಜಾಕ್ ತಿರುಗಿಸಿದ. ಆಮೇಲೆ ಮೂಕಿಯ ತುದಿಯ ಕೆಳಗೆ, ಕಾಲಿಟ್ಟು ನಿಂತರೆ ತೂಕ ತೋರಿಸುತ್ತದಲ್ಲ, ಆ ಸಣ್ಣ ಮಿಷನ್ ಇಟ್ಟು, ಮೇಲೊಂದು ಮರದ ತುಂಡು ಕೊಟ್ಟು, ಜಾಕನ್ನು ಮೆಲ್ಲಗೆ ಇಳಿಸಿದೆವು. ಮುಳ್ಳು ಮೂವತ್ತೆರಡಕ್ಕೆ ಹೋಗಿ ನಿಂತಿತು.

"ನೋಡ್ದಾ" ಎಂದ ಮಸ್ತಾನಣ್ಣ.

ನಾಲ್ಕು ಜನ ಹಿಡಿದು ಕಲ್ಲುಗಳನ್ನು ಮುಂದಿನ ಮೂಲೆಗೆ ಸಾಗಿಸಿದೆವು. ಈ ಸಲ ಮುಳ್ಳು ನೂರರ ಗೆರೆಗೆ ಹೋಗಿ ಬಡಿದು ಅಲ್ಲೇ ನಡುಗಿತು. ಮಿಷನ್ನಿನಲ್ಲಿ ಅದಕ್ಕಿಂತ ಮುಂದೆ ಅಂಕೆಯೇ ಇಲ್ಲ. ಅದಕ್ಕೆ ನಮ್ಮೂರಲ್ಲಿ ಒಂದು ಉಪಾಯವಿದೆ. ಗಟ್ಟಿ ಹಲಗೆಯ ಒಂದು ತುದಿಗೆ ಇಟ್ಟಿಗೆ, ಇನ್ನೊಂದು ತುದಿಗೆ ಮಿಷನ್. ಇಟ್ಟಿಗೆಯಿಂದ ಒಂದು ಅಡಿ, ಮಿಷನ್ನಿನಿಂದ ಎರಡು ಅಡಿ, ಆ ಜಾಗಕ್ಕೆ ಸರಿಯಾಗಿ ಮೂಕಿ ಕೂರಬೇಕು. ಆಗ ಮಿಷನ್ನಿನ ಪಾಲಿಗೆ ಬರುವುದು ಮೂರರಲ್ಲಿ ಒಂದು ಭಾಗ. ಹಲಗೆಯ ತೂಕ ಲೆಕ್ಕಕ್ಕೆ ಬರದ ಹಾಗೆ ಮೊದಲೇ ಮುಳ್ಳನ್ನು ಸೊನ್ನೆಗೆ ತಿರುಗಿಸಿ, ಜಾಕ್ ಇಳಿಸಿದೆವು. ನಲವತ್ತೆಂಟು. ಮೂರರಿಂದ ಗುಣಿಸಿದರೆ ನೂರ ನಲವತ್ತನಾಲ್ಕು.

"ಹಿಂದೂ ಆಗಲ್ಲ, ಮುಂದೂ ಆಗಲ್ಲ" ಎಂದೆ.

"ನಡುವೆ ಆಗ್ತದೆ. ಚಕ್ರದ ಅಚ್ಚಿನ ನೆತ್ತಿ ಮೇಲೆ, ಒಂದು ಗೇಣು ಮುಂದಕ್ಕೆ" ಎಂದ ಮಸ್ತಾನಣ್ಣ. ಹೇಳಿದವನು ನನ್ನ ಮುಖ ನೋಡಲಿಲ್ಲ. ಅಚ್ಚಿನ ನೆತ್ತಿಯ ಮೇಲೆ ಏನಿದೆ ಎಂದು ಅವನಿಗೂ ಗೊತ್ತಿತ್ತು. ಅಲ್ಲಿ ಮಂಚವಿತ್ತು. ಮದುವೆಯಾದ ಮೂರನೆಯ ವರ್ಷ ಫಾಲಾಕ್ಷ ಹನ್ನೆರಡರಲ್ಲಿ ಐದು ದಿನ ಕೂತು ಮಾಡಿದ ಮಂಚ. ದನ ಕಟ್ಟುವ ಗೂಟ ಬಿಟ್ಟರೆ ಬೇರೆ ಮರಗೆಲಸ ಬಾರದ ಮನುಷ್ಯ, ಅಂತೂ ಇಂತೂ ಜೋಡಿಸಿ ನೆಲಕ್ಕೆ ಬೋಲ್ಟು ಹಾಕಿದ್ದರು. ಆ ಐದು ದಿನವನ್ನು ಮಂಚಕ್ಕೆ ಕಳೆದರಲ್ಲ ಎಂದು ಆಗ ನನಗೆ ಅಸೂಯೆಯಾಗಿತ್ತು.

ಮಸ್ತಾನಣ್ಣ ಬೀಡಿ ಹಚ್ಚಿಕೊಂಡು ಗೇಟಿನ ಹತ್ತಿರ ಹೋಗಿ ನಿಂತ. ನಾನೇ ಒಳಗೆ ಹೋಗಿ ಸ್ಪ್ಯಾನರ್ ಹಿಡಿದು ಬೋಲ್ಟು ಬಿಚ್ಚಿದೆ. ಒಂದು ತುಕ್ಕು ಹಿಡಿದಿತ್ತು, ಸೀಮೆಎಣ್ಣೆ ಬಿಟ್ಟು ಕಾದೆ. ಮಂಚ ಎತ್ತಿದಾಗ ಕೆಳಗೆ ಮರಳಿತ್ತು. ಎಷ್ಟೋ ವರ್ಷ ಕಾಲಿಗೆ ಅಂಟಿ ಬಂದು ಪೊರಕೆಗೆ ಸಿಗದೆ ಉಳಿದ ಮರಳು. ಬಾಚಿದರೆ ಮೂರು ಬೊಗಸೆಯಾಯಿತು. ಅದನ್ನು ತುಳಸಿಗೆ ಹಾಕಲೋ ಚರಂಡಿಗೆ ಹಾಕಲೋ ತಿಳಿಯದೆ ಸ್ವಲ್ಪ ಹೊತ್ತು ಮೊರದಲ್ಲಿ ಹಿಡಿದುಕೊಂಡೇ ಕೂತಿದ್ದೆ. ಸಿದ್ದಗಂಗಮ್ಮ ಬಂದು ಮೊರ ಇಸಿದುಕೊಂಡು ಹೋದಳು. ಎಲ್ಲಿ ಹಾಕಿದಳೋ ನಾನು ಕೇಳಲಿಲ್ಲ. ಮಂಚವನ್ನು ಅವಳ ಮನೆಗೇ ಕಳಿಸಿದೆ.

ಕಲ್ಲುಗಳನ್ನು ಆ ಜಾಗದಲ್ಲಿ ಕೂರಿಸಿ, ಹಗ್ಗ ಬಿಗಿದು, ಮತ್ತೆ ಹಲಗೆಯ ಮೇಲೆ ಮೂಕಿ ಇಳಿಸಿದೆವು. ಮುಳ್ಳು ಮೂವತ್ತೊಂದರಲ್ಲಿ ಅಲ್ಲಾಡದೆ ನಿಂತಿತು. ತೊಂಬತ್ತಮೂರು. ಮಸ್ತಾನಣ್ಣ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಮುಳ್ಳನ್ನೇ ನೋಡಿದ. "ಸರಿ ಹೋಯ್ತು. ಇನ್ನು ಎಲ್ಲಿಗೆ ಬೇಕಾದ್ರೂ ಎಳ್ಕೊಂಡು ಹೋಗಬೌದು" ಎಂದ. ಸಂತೋಷಪಡಬೇಕಾದ ಮಾತು. ನಾನು ಚೀಟಿ ಬರೆಯಲು ಒಳಗೆ ಹೋದವಳು ಪೆನ್ನು ಹುಡುಕುತ್ತ ಬಹಳ ಹೊತ್ತು ಅಲ್ಲೇ ಉಳಿದೆ.

ನದಿ ನಿಂತ ದಿನ ಇಳಿಜಾರಿನ ಚೌಕಿಯಲ್ಲಿ ಕರಿಬಸಪ್ಪ ನನ್ನ ಚೀಟಿ ಓದಿ, ಟ್ರೈಲರಿನ ಒಳಗೆ ಇಣುಕಿದ. ಇಪ್ಪತ್ತು ವರ್ಷದಿಂದ ಅಲ್ಲಿ ಕೂತಿರುವ ಮುದುಕ. "ಕಲ್ಲು ಯಾಕವ್ವ?" ಎಂದ. "ಆಚೆ ದಡಕ್ಕೆ" ಎಂದೆ. ಅವನು ಚೀಟಿಗೆ ಸೀಲು ಒತ್ತಿ, ಮಡಿಸಿ, ನನ್ನ ಕೈಗೆ ಕೊಡುವಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಈ ದಡ ಬಿಟ್ಟು ಹೋಗುವವರಿಗೆ ಹಾಗೆ ಕೊಡುತ್ತಾರೆ.

ಪ್ರತಿ ವರ್ಷ ನಾವು ಬಿಡಾರ ಹೂಡುತ್ತಿದ್ದುದು ಚಪ್ಪಟೆ ಬಂಡೆಯ ಪಕ್ಕ. ಮೊದಲ ದಿನ ಅವರು ಬರಲಿಲ್ಲ. ಒಲೆ ಹೂಡಿದೆ, ರೊಟ್ಟಿ ಮಾಡಿದೆ, ಆರಿತು. ಅಕ್ಕಪಕ್ಕದ ಬಿಡಾರಗಳಲ್ಲಿ ಆಗಲೇ ಕೂಗಾಟ, ಅಪ್ಪುಗೆ, ಕೂಸುಗಳನ್ನು ಕೈಯಿಂದ ಕೈಗೆ ದಾಟಿಸುವುದು ನಡೆದಿತ್ತು. ನಾನು ನೆಟ್ಟ ನೋಟದಲ್ಲಿ ಆಚೆಯ ಇಳಿಜಾರು ನೋಡುತ್ತ ಕೂತೆ. ಅಷ್ಟು ದೂರಕ್ಕೆ ಮನುಷ್ಯರು ಎಳ್ಳಿನ ಹಾಗೆ ಕಾಣುತ್ತಾರೆ. ಎಳ್ಳುಗಳಲ್ಲಿ ನನ್ನದು ಯಾವುದೆಂದು ಹತ್ತೊಂಬತ್ತು ವರ್ಷ ಗುರುತು ಹಿಡಿದವಳು, ಈ ಸಲ ಹತ್ತಾರು ಸಲ ತಪ್ಪಿದೆ.

ಎರಡನೆಯ ದಿನ ಮಧ್ಯಾಹ್ನ ಬಂದರು. ಹಾಸಿಗೆ ಸುರುಳಿ ಹೆಗಲ ಮೇಲಿತ್ತು. ತಲೆ ಬೋಳಿಸಿ ಬೆಳೆದ ಕೂದಲು, ಪೂರಾ ಬೆಳ್ಳಗೆ. "ಅವ್ವ ಹೋದ್ಲು. ಕಾರ್ತೀಕದಲ್ಲಿ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಆ ಮುದುಕಿಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ವರ್ಷವರ್ಷ ಅವಳಿಗೆ ಹಪ್ಪಳ ಕಳಿಸುತ್ತಿದ್ದೆ, ಅವಳು ನನಗೆ ಬೆಣ್ಣೆ ಕಾಯಿಸಿದ ತುಪ್ಪ ಕಳಿಸುತ್ತಿದ್ದಳು. ಉಂಡರು. ಕೈ ತೊಳೆದು ಟ್ರೈಲರಿನ ಒಳಗೆ ಹಾಸಿಗೆ ಇಡಲು ಹತ್ತಿದವರು ಹಾಗೇ ನಿಂತರು.

"ಮಂಚ ಎಲ್ಲಿ?"

"ತೆಗೆದೆ. ಕಲ್ಲಿಗೆ ಜಾಗ ಬೇಕಿತ್ತು."

ಅವರು ಕಲ್ಲನ್ನು ಮುಟ್ಟಿ ನೋಡಿದರು. ಹಸುವಿನ ಹೊಟ್ಟೆ ಮುಟ್ಟುವವರ ಹಾಗೆ ಅಂಗೈ ಅಗಲಿಸಿ ಮುಟ್ಟಿದರು. ಏನೆಂದು ಕೇಳಲಿಲ್ಲ, ತಿಳಿಯಿತು. ಹೊರಗೆ ಬಂದು ಬಂಡೆಯ ಮೇಲೆ ಕೂತರು. ನಾನು ಕಾದೆ. ಬಿಸಿಲು ಬಂಡೆಯಿಂದ ಇಳಿಯಿತು.

"ಅವ್ವ ಹೋದ ಮೇಲೆ ನಾನೂ ಯೋಚಿಸ್ದೆ" ಎಂದರು ಕೊನೆಗೆ. "ಈ ಸಲ ಹೋದ್ರೆ ವಾಪಸ್ ಬರೋದು ಬೇಡ, ನಿನ್ನ ದಡದಲ್ಲೇ ಇದ್ದುಬಿಡೋಣ ಅಂತ. ಪೆಟ್ಟಿಗೆ ಕಟ್ಟಿದೆ. ಆಮೇಲೆ ಬಿಚ್ಚಿದೆ. ಅದಕ್ಕೇ ನಿನ್ನೆ ಬರಲಿಲ್ಲ ಲೋಲಾ. ಪೆಟ್ಟಿಗೆ ಮುಂದೆ ಕೂತಿದ್ದೆ."

"ಯಾಕೆ ಬಿಚ್ಚಿದ್ರಿ?"

"ಹನ್ನೆರಡು ದಿನ ಒಳ್ಳೆಯವನಾಗಿರೋದು ಕಷ್ಟ ಅಲ್ಲ. ಸಿಟ್ಟು ಬಂದ್ರೆ ಹದಿಮೂರನೇ ದಿನಕ್ಕೆ ಎತ್ತಿಟ್ಕೋತೀನಿ. ಮನೆಗೆ ಹೋಗಿ ಒಬ್ಬನೇ ಕೂತು ಬೈಕೋತೀನಿ. ನೀನು ನೋಡಿರೋ ಗಂಡ ಬೇರೆ, ಆ ಮನೇಲಿರೋನು ಬೇರೆ. ಅವನು ಊಟಕ್ಕೆ ಕೂತ್ರೆ ಮಾತಾಡಲ್ಲ. ಅವ್ವನ ಮೇಲೆ ಎಷ್ಟೋ ಸಲ ಕೂಗಾಡಿದೀನಿ, ಕಣ್ಣು ಕಾಣದೋಳ ಮೇಲೆ. ನೀನು ಅವನನ್ನ ನೋಡೋದು ಬೇಡ ಅಂತ ನಂಗೆ."

ಸಿದ್ದಗಂಗಮ್ಮ ಕೇಳಿದ ಪ್ರಶ್ನೆಗೆ ಉತ್ತರ ಹೀಗಿರುತ್ತದೆಂದು ನಾನು ಎಣಿಸಿರಲಿಲ್ಲ. ಬೇರೆ ಹೆಂಗಸಿದ್ದಾಳೆ ಎಂದಿದ್ದರೆ ಅಳುತ್ತಿದ್ದೆ, ಜಗಳವಾಡುತ್ತಿದ್ದೆ. ಇದಕ್ಕೆ ಏನು ಮಾಡುವುದು? ಅವರು ಹೇಳಿದ್ದು ನನಗೂ ಅನ್ವಯಿಸುತ್ತಿತ್ತು. ಮರಳಿಗೆ ಬರುವ ಮುಂಚೆ ನಾನು ತಲೆಗೆ ಬಣ್ಣ ಹಾಕುತ್ತಿದ್ದೆ. ಮೊಣಕಾಲು ನೋವು ಒಂದು ದಿನವೂ ಹೇಳಿರಲಿಲ್ಲ. ಗಿರಣಿಯಲ್ಲಿ ಗಿರಾಕಿಗಳ ಮೇಲೆ ರೇಗುವ ಲೋಲಾಕ್ಷಿಯನ್ನು ಅವರೂ ನೋಡಿರಲಿಲ್ಲ.

ಉಳಿದ ದಿನಗಳನ್ನು ನಾವು ಹೇಗೋ ಕಳೆದೆವು. ನೆಲದ ಮೇಲೆ, ಕಲ್ಲಿನ ಪಕ್ಕ ಹಾಸಿಗೆ ಹಾಸಿ ಮಲಗುತ್ತಿದ್ದೆವು. ಅವರು ಎಂದಿನಂತೆ ನೀರು ಸೇದಿದರು, ಸೌದೆ ತಂದರು, ನನ್ನ ಹೆರಳಿಗೆ ಸೇವಂತಿಗೆ ತಂದರು. ಒಳ್ಳೆಯವರಾಗಿಯೇ ಇದ್ದರು. ಆ ಒಳ್ಳೆಯತನ ನೋಡಿದಾಗಲೆಲ್ಲ ಅದರ ಹಿಂದೆ ಅಡಗಿ ಕೂತವನನ್ನು ಒಮ್ಮೆ ಕೂಗಿ ಕರೆಯಬೇಕು ಎನ್ನಿಸುತ್ತಿತ್ತು.

ಹನ್ನೊಂದನೆಯ ದಿನ ಮಸ್ತಾನಣ್ಣ ಜೀಪು ತಂದ. "ಯಾವ ಕಡೆಗೆ?" ಎಂದು ಕೇಳಿ, ಅವರ ಮುಖ ನೋಡದೆ ನನ್ನ ಮುಖ ನೋಡಿದ.

"ಆಚೆಗೆ" ಎಂದೆ.

ಫಾಲಾಕ್ಷ ಎದ್ದು ನಿಂತರು. "ಲೋಲಾ, ನಾನು ಹೇಳಿದ್ದು..."

"ಕೇಳಿಸ್ಕೊಂಡೆ. ನಿಮ್ಮ ಮನೆಗೆ ಬರಲ್ಲ ನಾನು. ನಿಮ್ಮ ಊರಿಗೆ ಬರ್ತೀನಿ. ಉಪ್ಪಿನ ಗೋದಾಮಿನ ಅಂಗಳ ಖಾಲಿ ಇದೆಯಂತೆ, ಗೋದಾಮಿನ ಯಜಮಾನರು ಮೊನ್ನೆ ಇಲ್ಲೇ ಸಿಕ್ಕಿದ್ರು, ಕೇಳಿದೀನಿ. ಅಲ್ಲಿ ಗಿರಣಿ ಹಾಕ್ತೀನಿ. ನೀವು ವರ್ಷಕ್ಕೆ ಹನ್ನೆರಡು ದಿನ ಬಂದ್ರೂ ಸರಿ. ಅದನ್ನ ನಾನು ಹೇಗೂ ಕಲಿತಿದೀನಿ."

ಅವರು ಜೀಪಿನ ಹಿಂದೆ, ಟ್ರೈಲರಿನ ಪಕ್ಕ, ಇಳಿಜಾರು ಹತ್ತುವವರೆಗೂ ನಡೆದೇ ಬಂದರು. ಮೇಲೆ ಬಂದ ಮೇಲೆ ಅವರ ದಾರಿ ಎಡಕ್ಕೆ, ನನ್ನದು ಬಲಕ್ಕೆ. ಮಸ್ತಾನಣ್ಣ ಗೋದಾಮಿನ ಅಂಗಳದಲ್ಲಿ ಮೂಕಿ ಬಿಡಿಸಿ, ಅದರ ಕೆಳಗೆ ಇಟ್ಟಿಗೆ ಕೊಟ್ಟು, ಎರಡು ಸಲ ಅಲ್ಲಾಡಿಸಿ ನೋಡಿದ. "ಹುಷಾರು ತಾಯಿ" ಎಂದು ಜೀಪು ಹತ್ತಿದ. ನೀರು ಬರುವಷ್ಟರಲ್ಲಿ ಅವನು ಹೊಳೆಯ ಆಚೆಗಿರಬೇಕು.

ಹದಿಮೂರನೆಯ ದಿನ ಎದ್ದಾಗ ನೀರಿನ ಸದ್ದು ನನ್ನ ಎಡಗಡೆಯಿಂದ ಬರುತ್ತಿತ್ತು. ಹುಟ್ಟಿದಾಗಿನಿಂದ ಬಲಗಡೆಯಿಂದ ಕೇಳಿದ ಸದ್ದು. ಅವರು ಮತ್ತು ನಾನು ಮೊದಲ ಸಲ ಒಂದೇ ದಡದಲ್ಲಿದ್ದ ಹದಿಮೂರನೆಯ ದಿನ ಅದು. ಇಡೀ ದಿನ ಗೇಟು ನೋಡಿದೆ. ಹದಿನಾಲ್ಕನೆಯ ದಿನವೂ ನೋಡಿದೆ. ಊರಾಚೆ ಯಾರದೋ ಎಮ್ಮೆಗೆ ಕಷ್ಟವಾಗಿದೆ, ಕಾಂಪೌಂಡರು ಹೋಗಿದ್ದಾರೆ ಎಂದು ಹಾಲಿನವಳು ಹೇಳಿದಳು. ಮಾರನೆಯ ದಿನ ಅವಳೇ, ಕಾಂಪೌಂಡರು ಮನೇಲೇ ಇದಾರೆ ಎಂದಳು. ನದಿ ನಡುವಿದ್ದಾಗ ಬಾರದಿರುವುದಕ್ಕೆ ನದಿ ಕಾರಣವಾಗಿತ್ತು. ಈಗ ನಡುವೆ ಇದ್ದದ್ದು ನಾಲ್ಕು ಬೀದಿ. ಆ ನಾಲ್ಕು ಬೀದಿಯ ಅಗಲ ನನಗೆ ಹೊಸದು. ಎದ್ದು ಹೋಗಿ ಬಾಗಿಲು ತಟ್ಟಿದರಾಯಿತು ಎಂದು ದಿನಕ್ಕೆ ಹತ್ತು ಸಲ ಎದ್ದೆ, ಹತ್ತು ಸಲವೂ ಮೋಟಾರಿನ ಬೆಲ್ಟು ಬಿಗಿ ಮಾಡಿ ಕೂತೆ.

ಹಾಗೆ ಹತ್ತು ದಿನ ಕಳೆದು ಗಿರಣಿ ಶುರುವಾಯಿತು. ಆ ದಡದಲ್ಲಿ ಇದ್ದ ಒಂದು ಗಿರಣಿ ಬಹಳ ದೂರವಂತೆ, ಬೆಳಿಗ್ಗೆಯೇ ಹೆಂಗಸರ ಸಾಲು ನಿಂತಿತು. ನಾನು ಬಾಯಿಗೆ ಬಟ್ಟೆ ಕಟ್ಟಿ, ತಲೆಯೆತ್ತದೆ ಬೀಸುತ್ತಿದ್ದೆ. ಒಂದು ಚೀಲ ಗೋಧಿ ಮುಂದೆ ಬಂತು. ಅರ್ಧ ಸುರಿದೆ, ಬೀಸಿದೆ, ಹಿಟ್ಟು ಇಳಿಯಿತು. ಒಂದು ಕೈ ಬಂದು ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿತು. ಆ ಕೈ ನನಗೆ ಗೊತ್ತಿತ್ತು.

"ಏನಿದು, ಬೂದಿ ಇದ್ದ ಹಾಗಿದೆ?" ಎಂದರು ಫಾಲಾಕ್ಷ. ಹುಬ್ಬು ಗಂಟಾಗಿತ್ತು, ದನಿ ಒರಟಾಗಿತ್ತು. "ಇಷ್ಟು ನುಣ್ಣಗೆ ಯಾರು ಬೀಸು ಅಂದ್ರು? ನಂಗೆ ತರಿ ಬೇಕು. ಹತ್ತೊಂಬತ್ತು ವರ್ಷದಿಂದ ನಿನ್ನ ಈ ನುಣ್ಣನೆ ಹಿಟ್ಟು ತಿಂದು ಸಾಕಾಗಿದೆ."

ನಾನು ಬಾಯಿಯ ಬಟ್ಟೆ ಇಳಿಸಿದೆ. ತಲೆಯ ಬಣ್ಣ ಮಾಸಿತ್ತು, ಮೈತುಂಬ ಹಿಟ್ಟು. ಅವರು ಹಾಗೆ ನನ್ನನ್ನು ನೋಡಿದ್ದೂ ಅದೇ ಮೊದಲು.

"ಬೇಕಾದ್ದನ್ನ ಬಾಯಿ ಬಿಟ್ಟು ಹೇಳಬೇಕು. ನಾನೇನು ಕಣಿ ಹೇಳೋಳಾ?" ಎಂದೆ. "ಮಿಕ್ಕ ಗೋಧಿ ತಗೊಂಡು ಹೋಗಿ ಸಾಲಿನ ಕೊನೇಲಿ ನಿಂತ್ಕೊಳ್ಳಿ. ತರಿ ಬೇಕಾದ್ರೆ ಕಲ್ಲು ಸಡಿಲ ಮಾಡಬೇಕು, ಇವರದ್ದೆಲ್ಲ ಆದ ಮೇಲೆ ಮಾಡ್ತೀನಿ."

ಅವರು ಗೊಣಗಿಕೊಂಡು, ಅರ್ಧ ಚೀಲ ಎತ್ತಿ ಹೆಗಲಿಗೇರಿಸಿ, ಸಾಲಿನ ಕೊನೆಗೆ ಹೋಗಿ ನಿಂತರು. ಅವರ ಮುಂದೆ ಆರು ಜನವಿದ್ದರು. ನಾನು ಬಟ್ಟೆ ಮೇಲಕ್ಕೆಳೆದು ಕಟ್ಟಿಕೊಂಡೆ, ಮುಂದಿನ ಡಬ್ಬಿ ಇಸಿದುಕೊಂಡೆ, ನಿಧಾನವಾಗಿ ಬೀಸಿದೆ.